ಮುಚ್ಚಿಟ್ಟ ನಾದ

(ಶ್ರಾವಣ ಮಾಸದ ಶಿವಾನುಭವಗೋಷ್ಠಿಯಲ್ಲಿ ಪೂಜ್ಯ ಶ್ರೀಗಳು ದಯಪಾಲಿಸಿದ ಆಶೀರ್ವಚನ)



ಈ ಸಭಾಮಂಟಪದ ಬಲಗಡೆಯ ಮೂಲೆಯಲ್ಲಿ, ಕಂಬದ ಆಚೆ, ಕರಿಯ ಮರದ ಒಂದು ದೊಡ್ಡ ಪೆಟ್ಟಿಗೆ ಇರುವುದನ್ನು ನೀವೆಲ್ಲ ನೋಡಿದ್ದೀರಿ. ಹೊಸದಾಗಿ ಮಠಕ್ಕೆ ಬಂದವರು ಅದನ್ನು ಹಳೆಯ ಗ್ರಂಥಗಳ ಕಪಾಟೆಂದು ತಿಳಿದು ಕೈ ಮುಗಿದದ್ದೂ ಉಂಟು. ಮೊನ್ನೆ ಬೆಳಗಿನ ಪೂಜೆ ಮುಗಿಸಿ ನಾವು ಹೊರಗೆ ಬಂದಾಗ ಪ್ರಸಾದ ನಿಲಯದ ಚಿಕ್ಕ ಹುಡುಗನೊಬ್ಬ ಕೇಳಿದ: "ಅಜ್ಜಾರ, ಈ ಪೇಟಿ ಯಾರದ್ರಿ?" ನಾವು "ಮಠದ್ದಪ್ಪಾ" ಎಂದೆವು. ಅವನು ಬಿಡಲಿಲ್ಲ. "ಮಠಕ್ಕ ಯಾರು ಕೊಟ್ರು? ಅವರಿಗೆ ಯಾರು ಕೊಟ್ರು?" ಎಂದು ಕೇಳುತ್ತಲೇ ಹೋದ. ಉಪನಿಷತ್ತಿನಲ್ಲಿ ಗಾರ್ಗಿಯು ಯಾಜ್ಞವಲ್ಕ್ಯರನ್ನು ಕೇಳಿದಳಲ್ಲ, ಒಂದರ ಹಿಂದೆ ಒಂದು, ಹಾಗೆ ಕೇಳಿದ. ಆಗ ಅವನಿಗೆ ಪೂರ್ತಿ ಉತ್ತರ ಕೊಡಲಾಗಲಿಲ್ಲ. ಅದನ್ನು ಇಂದು ನಿಮ್ಮೆಲ್ಲರ ಮುಂದೆ ಕೊಡುತ್ತೇವೆ. ಆ ಉತ್ತರದೊಳಗೆ ನಮ್ಮದೊಂದು ತಪ್ಪಿನ ಕಥೆಯೂ ಸೇರಿಕೊಂಡಿದೆ. ಪೀಠದ ಮೇಲೆ ಕುಳಿತವರು ತಮ್ಮ ತಪ್ಪನ್ನು ಹೇಳಿಕೊಂಡರೆ ಪೀಠಕ್ಕೆ ಕುಂದು ಬರುತ್ತದೆಂದು ಕೆಲವರು ತಿಳಿಯುತ್ತಾರೆ. ಮುಚ್ಚಿಟ್ಟರೆ ಕುಂದು ಬೆಳೆಯುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆ ವಾದ್ಯದ ಹೆಸರು ಪಿಯಾನೋ. ಇಟಲಿ ದೇಶದ ಭಾಷೆಯಲ್ಲಿ 'ಪಿಯಾನೋ' ಎಂದರೆ ಮೆಲ್ಲಗೆ, 'ಫೋರ್ತೆ' ಎಂದರೆ ಜೋರಾಗಿ. 'ಪಿಯಾನೋಫೋರ್ತೆ' ಎಂಬುದು ಪೂರ್ಣ ಹೆಸರು. ಬಳಸುತ್ತ ಬಳಸುತ್ತ ಜನರ ನಾಲಗೆಯ ಮೇಲೆ 'ಜೋರಾಗಿ' ಎಂಬುದು ಉದುರಿಹೋಗಿ 'ಮೆಲ್ಲಗೆ' ಎಂಬುದೊಂದೇ ಉಳಿಯಿತು. ಇದನ್ನು ಮೊದಲು ಮಾಡಿದವನು ಬಾರ್ತೊಲೊಮೇಯೋ ಕ್ರಿಸ್ತೋಫೋರಿ ಎಂಬ ಕುಶಲಕರ್ಮಿ. ಫ್ಲಾರೆನ್ಸ್ ನಗರದ ಮೆದಿಚಿ ರಾಜಮನೆತನದಲ್ಲಿ ವಾದ್ಯಗಳನ್ನು ಮಾಡುವ, ನೋಡಿಕೊಳ್ಳುವ ಕೆಲಸದಲ್ಲಿದ್ದ. 1700ರ ಸುಮಾರಿಗೆ ಅವನು ಮಾಡಿದ ಹೊಸ ವಾದ್ಯದ ಉಲ್ಲೇಖ ಅರಮನೆಯ ಪಟ್ಟಿಯಲ್ಲಿ ಸಿಕ್ಕುತ್ತದೆ. ಅವನ ಕೈಯಿಂದ ಬಂದ ಮೂರು ಪಿಯಾನೋಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದು, 1720ರದು, ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿದೆ.

ಅವನು ಕಂಡುಹಿಡಿದದ್ದು ಏನು? ಅದನ್ನು ಸ್ವಲ್ಪ ಲಕ್ಷ್ಯಗೊಟ್ಟು ಕೇಳಿರಿ. ಬೆರಳಿನಿಂದ ಪಟ್ಟಿಯನ್ನು ಒತ್ತಿದರೆ ಒಳಗೆ ಒಂದು ಸಣ್ಣ ಸುತ್ತಿಗೆ ಎದ್ದು ತಂತಿಗೆ ಬಡಿಯಬೇಕು. ಬಡಿಯುವುದು ಸುಲಭ. ಆದರೆ ಬಡಿದ ಸುತ್ತಿಗೆ ತಂತಿಯ ಮೇಲೆಯೇ ಕುಳಿತರೆ ನಾದ ಅಲ್ಲಿಯೇ ಸಾಯುತ್ತದೆ. ಬೆರಳು ಇನ್ನೂ ಪಟ್ಟಿಯ ಮೇಲಿರುವಾಗಲೇ ಸುತ್ತಿಗೆ ಮಾತ್ರ ಹಿಂದೆ ಸರಿದು ಬೀಳಬೇಕು. ಆ ಉಪಾಯವನ್ನು ಅವನು ಮಾಡಿದ. ತಾಗಬೇಕು, ಆದರೆ ಅಂಟಬಾರದು. ಸಂಸಾರದಲ್ಲಿದ್ದೂ ಸಂಸಾರಕ್ಕೆ ಅಂಟದಿರುವ ಶರಣರ ಬಾಳಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನಮಗೆ ತೋರದು.

ಈಗ ಹುಡುಗನ ಪ್ರಶ್ನೆಗೆ ಬರೋಣ.

ನಮ್ಮ ಗುರುಗಳಾದ ಲಿಂಗೈಕ್ಯ ಹಿರಿಯ ಶ್ರೀಗಳ ಕಾಲದಲ್ಲಿ, ಈ ಊರಿನಲ್ಲಿ ಒಬ್ಬ ಕ್ರೈಸ್ತ ತಾಯಿ ಶಾಲೆಯ ಶಿಕ್ಷಕಿಯಾಗಿದ್ದರು. ಊರವರೆಲ್ಲ 'ಅಕ್ಕೋರು' ಎಂದೇ ಕರೆಯುತ್ತಿದ್ದರು. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಅನೇಕರು ಅವರ ಕೈಯಲ್ಲಿ ಅಕ್ಷರ ತಿದ್ದಿದವರು. ಅವರ ತಂದೆಯವರು, ಸ್ವದೇಶಕ್ಕೆ ಹೊರಟ ಇಂಗ್ಲಿಷ್ ಅಧಿಕಾರಿಯೊಬ್ಬರ ಮನೆಯ ಲಿಲಾವಿನಲ್ಲಿ ಆ ಪಿಯಾನೋವನ್ನು ಕೊಂಡಿದ್ದರಂತೆ. ಅಕ್ಕೋರಿಗೆ ನಿವೃತ್ತಿಯಾಗಿ, ದೂರದ ಊರಿನಲ್ಲಿದ್ದ ಮಗಳ ಮನೆಗೆ ಹೊರಟಾಗ, ಅವರು ಗುರುಗಳ ಬಳಿಗೆ ಬಂದರು. "ಸ್ವಾಮಿಗಳೇ, ಇದನ್ನು ಮಾರಲು ಮನಸ್ಸಿಲ್ಲ. ನಿಮ್ಮ ನಿಲಯದಲ್ಲಿ ನೂರಾರು ಮಕ್ಕಳಿದ್ದಾರೆ. ಅವರು ಬಾರಿಸಲಿ. ಕೆಟ್ಟು ಬಾರಿಸಿದರೂ ಚಿಂತೆಯಿಲ್ಲ, ಮುಚ್ಚಿ ಮಾತ್ರ ಇಡಬೇಡಿ" ಎಂದರು.

ನಾವು ಆಗ ಗುರುಗಳ ಮಗ್ಗುಲಲ್ಲಿಯೇ ನಿಂತಿದ್ದೆವು. ವ್ಯಾಕರಣ, ತರ್ಕ ಓದಿ ಆಗತಾನೇ ಬಂದಿದ್ದೆವು. ತಲೆಯಲ್ಲಿ ಶಾಸ್ತ್ರ ತುಂಬಿತ್ತು, ಜೊತೆಗೆ ಶಾಸ್ತ್ರ ಓದಿದ ಗರ್ವವೂ ತುಂಬಿತ್ತು. ಅಕ್ಕೋರು ಹೋದ ಮೇಲೆ ಗುರುಗಳಿಗೆ "ಬುದ್ಧೀ, ಮಠದಲ್ಲಿ ಈ ಪರದೇಶದ ವಾದ್ಯಕ್ಕೆ ಏನು ಕೆಲಸ?" ಎಂದು ಕೇಳಿದೆವು. ಗುರುಗಳು ನಕ್ಕು, "ನಮ್ಮ ಭಜನೆಯ ಪೇಟಿ ಯಾವ ದೇಶದ್ದಪ್ಪಾ?" ಎಂದರು. ನಮ್ಮ ಹತ್ತಿರ ಉತ್ತರವಿರಲಿಲ್ಲ. ಹಾರ್ಮೋನಿಯಂಗೆ 1842ರಲ್ಲಿ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂದ್ರ್ ದೆಬೆಂ ಎಂಬವನು ಹಕ್ಕುಪತ್ರ ಪಡೆದದ್ದು. ಆಮೇಲೆ ಅದು ಕಲ್ಕತ್ತೆಗೆ ಬಂದು, ಕಾಲಿನಿಂದ ತುಳಿಯುವುದನ್ನು ಬಿಟ್ಟು, ನೆಲದ ಮೇಲೆ ಕುಳಿತು ಕೈಯಿಂದ ಗಾಳಿ ಹಾಕುವ ಪೆಟ್ಟಿಗೆಯಾದದ್ದು. ಇದನ್ನೆಲ್ಲ ನಾವು ಓದಿ ತಿಳಿದದ್ದು ಬಹಳ ತಡವಾಗಿ. ಅದಿಲ್ಲದೆ ನಮ್ಮ ಕಡೆಯ ನಾಟಕವಿಲ್ಲ, ಭಜನೆಯಿಲ್ಲ, ಕೀರ್ತನೆಯಿಲ್ಲ. ನಾಟಕದ ಕಂಪನಿಯಲ್ಲಿ ಪೇಟಿ ಮಾಸ್ತರರೆಂದರೆ ಅರ್ಧ ಕಂಪನಿಯೇ ಅವರು.

ಪಿಯಾನೋದ ಮಾತನ್ನೇ ತೆಗೆದುಕೊಳ್ಳಿರಿ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು, 1919ರಿಂದ 1974ರವರೆಗೆ ಬಾಳಿದವರು, ಸ್ವತಃ ಪಿಯಾನೋ ಬಲ್ಲವರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರ ತಾಯ್ನಾಡನ್ನು ಬಿಟ್ಟು, ದೇಶಾಂತರ ಅಲೆದು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದರು. ವಯಸ್ಸಾಗಿತ್ತು, ಹೃದಯದ ಬೇನೆ ಇತ್ತು. ಅವರ ಸಂಗೀತವನ್ನು ಕೇಳುವವರು ಕಡಿಮೆಯಾಗಿದ್ದರು. ಆಗ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣದ ನೆರವು ಹೋದದ್ದು ಎಲ್ಲಿಂದ? ಮೈಸೂರಿನಿಂದ. ಮೆಟ್ನರ್ 1951ರಲ್ಲಿ ತೀರಿಕೊಂಡರು. ತಮ್ಮ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಅವರು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ಅದೇ ಮಹಾರಾಜರು ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಮಿಕ್ಕಿ ಕೃತಿಗಳನ್ನು ರಚಿಸಿದರು. ರಷ್ಯದವನ ಸಂಗೀತವನ್ನು ಪ್ರೀತಿಸಿದ್ದರಿಂದ ಅವರ ಮನೆಯ ಸಂಗೀತವೇನೂ ಮುಕ್ಕಾಗಲಿಲ್ಲ. ಗುರುಗಳಿಗೆ ಇವೆಲ್ಲ ಗೊತ್ತಿದ್ದವೋ ಇಲ್ಲವೋ. ಯಾವುದನ್ನು ಒಳಗೆ ಬಿಟ್ಟುಕೊಳ್ಳಬೇಕೆಂಬುದು ಮಾತ್ರ ಗೊತ್ತಿತ್ತು.

ಗುರುಗಳು ಇರುವವರೆಗೆ ಆ ಪೆಟ್ಟಿಗೆ ತೆರೆದೇ ಇತ್ತು. ನಿಲಯದ ಮಕ್ಕಳು ಸಂಜೆ ಪ್ರಾರ್ಥನೆಯ ಹೊತ್ತಿಗೆ ಒಂದು ಬೆರಳಿನಿಂದ ಅದರ ಮೇಲೆ ವಚನದ ಧಾಟಿ ಹುಡುಕುತ್ತಿದ್ದರು. ಗುರುಗಳು ಲಿಂಗೈಕ್ಯರಾದರು. ಭಾರ ನಮ್ಮ ಮೇಲೆ ಬಿತ್ತು. ಹೊಸ ನಿಲಯದ ಕಟ್ಟಡ ಶುರುವಾಯಿತು. ಸುಣ್ಣ, ಸಿಮೆಂಟು, ಆಳುಕಾಳು. ದಾರಿಗೆ ಅಡ್ಡವೆಂದು ಪಿಯಾನೋವನ್ನು ಉಗ್ರಾಣಕ್ಕೆ ಸಾಗಿಸಲು ನಾವೇ ಹೇಳಿದೆವು. ಕಟ್ಟಡ ಮುಗಿದ ಮೇಲೆ ಹೊರಗೆ ತರಿಸಬೇಕೆಂಬ ನೆನಪು ಬರಲಿಲ್ಲ. ನೆನಪು ಬರಲಿಲ್ಲವೆಂಬುದೂ ಪೂರ್ತಿ ನಿಜವಲ್ಲ. ನೆನಪಾದಾಗ, ಇರಲಿ ಬಿಡು ಎಂದುಕೊಂಡೆವು. ದಾಸೋಹಕ್ಕೆ ಬಂದ ಜೋಳದ ಚೀಲಗಳನ್ನು ಅದರ ಮೇಲೆ ಪೇರಿಸಿದರು. ಹೀಗೆ ಏಳೆಂಟು ವರ್ಷ ಕಳೆದವು.

ಒಂದು ಜಾತ್ರೆಯ ದಿನ ಅಕ್ಕೋರು ಬಂದರು. ಬಹಳ ಸೊರಗಿದ್ದರು, ಕೈಯಲ್ಲಿ ಕೋಲು ಬಂದಿತ್ತು. ಪ್ರಸಾದ ಸ್ವೀಕರಿಸಿದ ಮೇಲೆ, "ಸ್ವಾಮಿಗಳೇ, ನಮ್ಮ ಪಿಯಾನೋ ನೋಡಬಹುದೇ?" ಎಂದರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಉಗ್ರಾಣದ ಬಾಗಿಲು ತೆರೆಸಿದೆವು. ಆಳುಗಳು ನಾಲ್ಕು ಚೀಲ ಇಳಿಸಿದರು. ಅವರು ಸೆರಗಿನಿಂದ ಧೂಳು ಒರೆಸಿ, ಮುಚ್ಚಳ ಎತ್ತಿ, ಒಂದು ಪಟ್ಟಿ ಒತ್ತಿದರು. 'ಟಕ್' ಎಂದು ಮರದ ಸಪ್ಪಳ ಬಂತು, ನಾದ ಬರಲಿಲ್ಲ. ಒಳಗೆ ಇಲಿ ಗೂಡು ಕಟ್ಟಿತ್ತು. ನಾವು ಏನು ಹೇಳಬೇಕೆಂದು ತಿಳಿಯದೆ ನಿಂತೆವು. ಅವರೇ ನಮ್ಮ ಮುಖ ನೋಡಿ, "ಇರಲಿ ಸ್ವಾಮಿಗಳೇ, ಜೋಳವೂ ಮಕ್ಕಳಿಗೇ ಅಲ್ಲವೇ?" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಚುಚ್ಚೂ ಇರಲಿಲ್ಲ. ಬಯ್ದಿದ್ದರೆ ನಾವು ಅಷ್ಟೊಂದು ನೊಂದುಕೊಳ್ಳುತ್ತಿರಲಿಲ್ಲ.

ಸಂಸ್ಕೃತದಲ್ಲಿ 'ವದ್' ಎಂಬ ಧಾತುವಿದೆ; ನುಡಿ ಎಂದು ಅದರ ಅರ್ಥ. ಅದರಿಂದ 'ವಾದ್ಯ' ಎಂಬ ಶಬ್ದ ಬಂದಿದೆ. ವಾದ್ಯವೆಂದರೆ ನುಡಿಸತಕ್ಕದ್ದು. ನುಡಿಸದೆ ಇಟ್ಟರೆ ಅದು ವಾದ್ಯವಲ್ಲ, ಕಟ್ಟಿಗೆ. ಈ ಶಬ್ದವನ್ನು ನಾವು ಪಾಠಶಾಲೆಯಲ್ಲಿ ಸೂತ್ರಸಹಿತವಾಗಿ ಕಲಿತಿದ್ದೆವು. ಅದರ ಅರ್ಥವನ್ನು ಕಲಿತದ್ದು ಆ ದಿನ, ಜೋಳದ ಚೀಲಗಳ ನಡುವೆ.

ಮರುದಿನವೇ ಪಿಯಾನೋವನ್ನು ಹೊರಗೆ ತೆಗೆಸಿದೆವು. ಅದನ್ನು ಸರಿಮಾಡುವವರು ಯಾರು? ಮಠದ ಶಾಲೆಯಲ್ಲಿ ಸಂಗೀತ ಕಲಿಸುವ ಮಾಸ್ತರರು ನಿಮಗೆ ಗೊತ್ತು. ಹುಟ್ಟುಗುರುಡರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು, ತಾವೇ ಕಣ್ಣಿಲ್ಲದವರಾಗಿ, ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸ್ವರದ ಕಣ್ಣು ಕೊಟ್ಟ ಸ್ಥಳವದು. ಮಾಸ್ತರರು ಪೆಟ್ಟಿಗೆಯ ಒಳಗೆ ಕೈಯಾಡಿಸಿ, "ಅಜ್ಜಾರ, ನಾ ನೋಡ್ತೀನ್ರಿ" ಎಂದರು. ಆಡಳಿತ ಮಂಡಳಿಯ ಒಬ್ಬಿಬ್ಬರು ಮೆಲ್ಲಗೆ ನಮ್ಮ ಕಿವಿಯಲ್ಲಿ, "ಕಣ್ಣಿದ್ದವರಿಗೇ ತಿಳಿಯದ ಯಂತ್ರ ಇದು, ಅವರ ಕೈಗೆ ಕೊಡಬ್ಯಾಡ್ರಿ" ಎಂದರು.

ಹೀಗೆ ಹೇಳಿದವರು ಇವರೇ ಮೊದಲಿಗರಲ್ಲ. ಪ್ಯಾರಿಸ್ಸಿನಲ್ಲಿ ಅಂಧ ಮಕ್ಕಳ ಒಂದು ಶಾಲೆ ಇತ್ತು. ಬೆರಳಿನಿಂದ ಓದುವ ಚುಕ್ಕಿಲಿಪಿಯನ್ನು 1829ರಲ್ಲಿ ಪ್ರಕಟಿಸಿದ ಲೂಯಿ ಬ್ರೈಲ್ ಕಲಿತದ್ದೂ ಕಲಿಸಿದ್ದೂ ಅಲ್ಲಿಯೇ. ಅದೇ ಶಾಲೆಯಲ್ಲಿ ಅವನಿಗಿಂತ ಹಿರಿಯನಾದ ಕ್ಲೋದ್ ಮೊಂತಾಲ್ ಎಂಬ ಅಂಧನಿದ್ದ. ಶಾಲೆಯ ಪಿಯಾನೋಗಳನ್ನು ಶ್ರುತಿ ಮಾಡಲು ಹೊರಗಿನಿಂದ ಕಣ್ಣಿರುವವನೊಬ್ಬ ಬರುತ್ತಿದ್ದ. ಅವನ ಕೆಲಸ ಮೊಂತಾಲನ ಕಿವಿಗೆ ಸರಿಬೀಳಲಿಲ್ಲ. ಗೆಳೆಯನೊಡನೆ ಕೂಡಿ ತಾನೇ ಶ್ರುತಿ ಮಾಡಲು ತೊಡಗಿದ. ಹೊರಗಿನವನು ದೂರು ಕೊಟ್ಟ. ಶಾಲೆಯವರು, ಮುಟ್ಟಬೇಡ ಎಂದು ಅಪ್ಪಣೆ ಮಾಡಿದರು. ಆದರೂ ಗೆಳೆಯರು ಬಿಡಲಿಲ್ಲ. ಒಂದು ಹಳೆಯ ಪಿಯಾನೋವನ್ನು ಸಂಪಾದಿಸಿ, ಅದನ್ನು ಬಿಚ್ಚಿ, ಬೆರಳಿನಿಂದ ತಡವಿ ತಡವಿ ಒಂದೊಂದು ಅಂಗವನ್ನೂ ಅರಿತು, ಮತ್ತೆ ಜೋಡಿಸಿದರು. ಕೊನೆಗೆ ಶಾಲೆಯ ವಾದ್ಯಗಳೆಲ್ಲ ಮೊಂತಾಲನ ವಶಕ್ಕೆ ಬಂದವು. 1836ರಲ್ಲಿ ಪಿಯಾನೋ ಶ್ರುತಿ ಮಾಡುವ ವಿದ್ಯೆಯ ಮೇಲೆ ಅವನು ಗ್ರಂಥವನ್ನೇ ಬರೆದ. ಅಲ್ಲಿಂದ ಮುಂದೆ ಫ್ರಾನ್ಸ್, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ಪಿಯಾನೋ ಶ್ರುತಿ ಮಾಡುವುದು ಕಣ್ಣಿಲ್ಲದವರು ಮರ್ಯಾದೆಯಿಂದ ದುಡಿದು ಉಣ್ಣುವ ಕಾಯಕವಾಯಿತು. ಬೇಡವಾದ ಒಂದು ಹಳೆಯ ಪಿಯಾನೋ, ಮುಂದೆ ಹುಟ್ಟಲಿದ್ದ ಎಷ್ಟೋ ಜನರ ಕೈಗೆ ಕಾಯಕ ಕೊಟ್ಟಿತು. ಕಾಯಕವೇ ಕೈಲಾಸವೆಂದು ನಂಬಿದ ನಮಗೆ ಇದು ಪರದೇಶದ ಕಥೆ ಎನ್ನಿಸಬಾರದು.

ಮಾಸ್ತರರ ಕೈಗೆ ಕೊಟ್ಟೆವು. ಅವರಿಗೆ ಸಹಾಯಕ್ಕೆ, ಪಿಯಾನೋ ಕೆಲಸ ಬಲ್ಲ ವೃದ್ಧರೊಬ್ಬರನ್ನು ಗೋವೆಯಿಂದ ಕರೆಸಿದೆವು. ಅವರದು ಕೊಂಕಣಿ, ಮುರುಕು ಹಿಂದಿ. ಮಾಸ್ತರರದು ಕನ್ನಡ, ಮುರುಕು ಹಿಂದಿ. ಇಬ್ಬರಿಗೂ ಸ್ವರದ ಭಾಷೆ ಚೆನ್ನಾಗಿ ಬರುತ್ತಿತ್ತು. ಮುಂದಿನ ಹಲಗೆ ತೆಗೆದಾಗ ನಾವೂ ಇಣುಕಿ ನೋಡಿದೆವು. ಇನ್ನೂರಕ್ಕೂ ಮೇಲ್ಪಟ್ಟು ತಂತಿಗಳು. ಅವೆಲ್ಲ ಕೂಡಿ ಎಳೆಯುವ ಬಲ ಹದಿನೈದು ಇಪ್ಪತ್ತು ಟನ್ನಿನಷ್ಟು. ಅದನ್ನು ತಡೆಯಲು ಒಳಗೆ ಎರಕದ ಕಬ್ಬಿಣದ ಚೌಕಟ್ಟು. ಮೇಲಿನ ಸ್ವರಗಳಿಗೆ ಒಂದೊಂದಕ್ಕೂ ಮೂರು ಮೂರು ತಂತಿ. ಒಂದು ಸುತ್ತಿಗೆ ಏಕಕಾಲಕ್ಕೆ ಮೂರನ್ನೂ ಬಡಿಯುತ್ತದೆ. ಮೂರೂ ಒಂದೇ ಬಿಗುವಿನಲ್ಲಿದ್ದರೆ ಕೇಳುವವರಿಗೆ ಒಂದೇ ತಂತಿಯೆನಿಸುತ್ತದೆ. ಒಂದು ಸಡಿಲವಾದರೂ ಸ್ವರ ಅಳ್ಳಾಡುತ್ತದೆ. ಮನ, ವಚನ, ಕಾಯ ಎಂದು ನಾವು ದಿನವೂ ಹೇಳುವುದು ಇದನ್ನೇ ಅಲ್ಲವೇ?

ಕೆಲಸ ಒಂದು ಕಡೆ ನಿಂತಿತು. ಮಂದ್ರದ ಎರಡು ದಪ್ಪ ತಂತಿಗಳು ಹರಿದಿದ್ದವು. ಅವು ಉಕ್ಕಿನ ತಂತಿಯ ಮೇಲೆ ತಾಮ್ರದ ತಂತಿಯನ್ನು ಒತ್ತಾಗಿ ಸುತ್ತಿ ಮಾಡಿದವು. ಗೋವೆಯವರು, "ಮುಂಬಯಿಂದ ತರಿಸಬೇಕು, ಅಥವಾ ತಾಮ್ರ ಸುತ್ತಬಲ್ಲ ಕೈ ಬೇಕು" ಎಂದರು. ಅಷ್ಟರಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಶ್ರುತಿ ಮಾಡಿದವರು ಒಳಗಿನ ಮರದ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿ ಹೋಗುವ ರೂಢಿಯಿದೆಯಂತೆ. ತುದಿಯ ಪಟ್ಟಿಯನ್ನು ಹೊರಗೆ ತೆಗೆದಾಗ ಅದರ ಮಗ್ಗುಲಿನಲ್ಲಿ ಇಂಗ್ಲಿಷಿನಲ್ಲಿ ಒಂದು ಹೆಸರು, ಮರಾಠಿಯಲ್ಲಿ ಒಂದು, ಉರ್ದುವಿನಲ್ಲಿ ಒಂದು. ಎಲ್ಲಕ್ಕಿಂತ ಕೆಳಗೆ ಕನ್ನಡದಲ್ಲಿ ಒಂದು ಹೆಸರು, 'ಸೂರು ಹಚ್ಚಿದ್ದು' ಎಂಬ ಎರಡು ಮಾತು. ನಿಲಯದ ಹುಡುಗ ಬ್ಯಾಟರಿ ಹಿಡಿದು ಓದಿದ. ಆ ಹೆಸರು ಕೇಳಿ ನಮ್ಮ ಎದೆ ಝಲ್ಲೆಂದಿತು. ನಮ್ಮ ಹಿತ್ತಲ ಓಣಿಯ ಮನೆಯ ಹಿರಿಯರ ಹೆಸರದು. ಒಂದು ಕಾಲಕ್ಕೆ ನಾಟಕ ಕಂಪನಿಗಳ ಪೇಟಿ ರಿಪೇರಿ ಮಾಡುತ್ತಿದ್ದವರು. ಅಕ್ಕೋರ ತಂದೆಯ ಮನೆಗೂ ಹೋಗಿ ಕೆಲಸ ಮಾಡಿಕೊಟ್ಟಿದ್ದರೆಂದು ಅಂದೇ ತಿಳಿಯಿತು.

ಎದೆ ಯಾಕೆ ಝಲ್ಲೆಂದಿತು? ನಿಲಯದ ಹಿಂದಿನ ಗೋಡೆ ಕಟ್ಟುವಾಗ ಮೂರು ಮೊಳ ಜಾಗದ ತಂಟೆ ಎದ್ದದ್ದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿದೆ. ಕಾಗದಪತ್ರ ಮಠದ ಕಡೆಗಿದ್ದವು. ಬಹುಕಾಲದ ಹಾದಿ ಅವರ ಕಡೆಗಿತ್ತು. ಮಾತಿಗೆ ಮಾತು ಬೆಳೆದು ಕೋರ್ಟಿನ ಮೆಟ್ಟಿಲು ಏರಿತ್ತು. ಆ ಮನೆಯವರು ಮಠಕ್ಕೆ ಬರುವುದನ್ನು ಬಿಟ್ಟಿದ್ದರು. ಜಾತ್ರೆಯ ಪ್ರಸಾದವನ್ನೂ ಮುಟ್ಟುತ್ತಿರಲಿಲ್ಲ. ಆಗ ಹೇಳಿದೆವಲ್ಲ, 'ವದ್' ಧಾತುವಿನಿಂದ ವಾದ್ಯ ಬಂತೆಂದು. ಅದೇ ಧಾತುವಿನಿಂದಲೇ 'ವಾದ' ಎಂಬ ಶಬ್ದವೂ ಬಂದಿದೆ. ಒಂದೇ ಬೇರು. ನಮ್ಮ ಮಠದಲ್ಲಿ ವಾದ್ಯ ಮೂಕವಾಗಿತ್ತು, ವಾದ ಮಾತ್ರ ಜೋರಾಗಿ ನಡೆದಿತ್ತು.

ಆ ಹಿರಿಯರ ಮೊಮ್ಮಗ ಮೋಟಾರು ರಿವೈಂಡಿಂಗ್ ಕೆಲಸದವನು. ದಿನವೆಲ್ಲ ತಾಮ್ರದ ತಂತಿ ಸುತ್ತುವುದೇ ಅವನ ಕಾಯಕ. ನಮಗೆ ಬೇಕಾದ ಕೈ ಹಿತ್ತಲ ಗೋಡೆಯ ಆಚೆಗೇ ಇತ್ತು. ಕರೆಕಳಿಸೋಣವೆಂದರು ಮಂಡಳಿಯವರು. ಕರೆದರೆ ಅವನು ಬರುವುದಿಲ್ಲವೆಂದು ನಮಗೆ ಗೊತ್ತಿತ್ತು. ನಾವು ಅವನ ಜಾಗದಲ್ಲಿದ್ದರೆ ನಾವೂ ಬರುತ್ತಿರಲಿಲ್ಲ. ಮರದ ಆ ಪಟ್ಟಿಯನ್ನು ವಸ್ತ್ರದಲ್ಲಿ ಸುತ್ತಿಕೊಂಡು ನಾವೇ ಹೊರಟೆವು. ಬಿನ್ನಹವಿಲ್ಲದೆ ಪೀಠದವರು ಭಕ್ತರ ಮನೆಗೆ ಹೋಗುವ ರೂಢಿಯಿಲ್ಲ. ಹೋಗುವ ದಾರಿ ಐವತ್ತು ಹೆಜ್ಜೆ. ನಮಗೆ ಕಾಶಿಗಿಂತ ದೂರವೆನಿಸಿತು.

ಅವನ ತಾಯಿ ಗಾಬರಿಯಾಗಿ ಕಂಬಳಿ ಹಾಸಿದರು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಇದ್ದ, ನಮಸ್ಕಾರ ಮಾಡಲಿಲ್ಲ. ನಾವು ವಸ್ತ್ರ ಬಿಚ್ಚಿ ಪಟ್ಟಿಯನ್ನು ಅವನ ಕೈಗೆ ಕೊಟ್ಟೆವು. ಬೆಳಕಿಗೆ ಹಿಡಿದು ಓದಿದ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಕ್ಷರ ನಮ್ಮ ಅಜ್ಜಂದೇ ಐತ್ರಿ" ಎಂದ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಯಾವ ತಂತಿ ಹರದದ್ರಿ?" ಎಂದು ಕೇಳಿದ. ಕೋರ್ಟಿನ ಮಾತು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಮೂರು ದಿನದಲ್ಲಿ ಎರಡು ತಂತಿಗಳು ಸಿದ್ಧವಾದವು. ಮೊದಲನೆಯದು ಸರಿಯಾಗಲಿಲ್ಲವೆಂದು ಅವನೇ ಬಿಚ್ಚಿ ಎರಡನೆಯ ಸಲ ಸುತ್ತಿದ. ಕೂಲಿ ತೆಗೆದುಕೊಳ್ಳಲಿಲ್ಲ.

ಇನ್ನು ಶ್ರುತಿ ಮಾಡುವುದು. ಇಲ್ಲಿ ನಡೆದ ಒಂದು ಪ್ರಸಂಗವೇ ಇಂದಿನ ಮಾತಿನ ತಿರುಳು. ಮಾಸ್ತರರು ತಂಬೂರಿಯ ರೀತಿಯಲ್ಲಿ ಷಡ್ಜ-ಪಂಚಮವನ್ನು ಜೇನಿನ 'ಹನಿ'ಯಂತೆ ಶುದ್ಧವಾಗಿ ಕೂಡಿಸಿದರು. ಗೋವೆಯವರು ಬಂದು, ಕೀಲನ್ನು ಕೂದಲೆಳೆಯಷ್ಟು ತಿರುಗಿಸಿ, ಆ ಪಂಚಮವನ್ನು ತುಸು ಇಳಿಸಿದರು. ಮಾಸ್ತರರಿಗೆ ಸಿಟ್ಟು ಬಂತು. "ಸರಿ ಇದ್ದದ್ದನ್ನ ಯಾಕ ಕೆಡಸ್ತೀರಿ?" ಎಂದರು. ಗೋವೆಯವರು ವಾದಿಸಲಿಲ್ಲ. "ನಿಮ್ಮ ರೀತಿಯಲ್ಲೇ ಮುಂದೆ ಹೋಗಿ" ಎಂದರು. ಮಾಸ್ತರರು ಆ ಪಂಚಮವನ್ನೇ ಷಡ್ಜ ಮಾಡಿಕೊಂಡು ಅದಕ್ಕೆ ಶುದ್ಧ ಪಂಚಮ, ಮತ್ತೆ ಅದಕ್ಕೆ ಪಂಚಮ, ಹೀಗೆ ಹನ್ನೆರಡು ಹೆಜ್ಜೆ ಏರಿದರು. ಹನ್ನೆರಡನೆಯ ಹೆಜ್ಜೆಗೆ ಹೊರಟ ಸ್ವರಕ್ಕೇ ಬಂದು ಸೇರಬೇಕು. ಸೇರಲಿಲ್ಲ. ಸ್ವಲ್ಪ ದಾಟಿಹೋಯಿತು. ಪಕ್ಕಪಕ್ಕದ ಎರಡು ಪಟ್ಟಿಗಳ ಅಂತರದ ಕಾಲುಭಾಗಕ್ಕೆ ತುಸು ಕಡಿಮೆ. ಆ ಕೊನೆಯ ಜೋಡಿಯನ್ನು ಒತ್ತಿದರೆ ತೋಳ ಊಳಿಟ್ಟಂತೆ ಕೇಳುತ್ತಿತ್ತು.

ಇದು ಯಾರ ತಪ್ಪೂ ಅಲ್ಲ. ನಾದದ ಗಣಿತವೇ ಹಾಗಿದೆ. ಪ್ರತಿಯೊಂದು ಸ್ವರವೂ ತನ್ನ ಪಕ್ಕದವರೊಡನೆ ನೂರಕ್ಕೆ ನೂರು ತನ್ನ ಮಾತೇ ನಡೆಯಬೇಕೆಂದರೆ, ಎಲ್ಲರ ಹಟವೂ ಕೂಡಿ ಕೊನೆಯವನ ತಲೆಯ ಮೇಲೆ ಬೀಳುತ್ತದೆ. ಅದಕ್ಕೆ ಮಾಡಿದ ಉಪಾಯವೆಂದರೆ, ಆ ಕೊರತೆಯನ್ನು ಹನ್ನೆರಡು ಪಾಲು ಮಾಡಿ ಹಂಚುವುದು. ಪಕ್ಕದ ಎರಡು ಪಟ್ಟಿಗಳ ಅಂತರವನ್ನು ನೂರು ಭಾಗ ಮಾಡಿದರೆ, ಒಂದೊಂದು ಪಂಚಮವೂ ಅದರಲ್ಲಿ ಎರಡು ಭಾಗದಷ್ಟು ಬಿಟ್ಟುಕೊಡುತ್ತದೆ. ಎರಡೇ ಭಾಗ. ಸಾಮಾನ್ಯ ಕಿವಿಗೆ ತಿಳಿಯುವುದೂ ಇಲ್ಲ. ಅಷ್ಟು ಬಿಟ್ಟುಕೊಟ್ಟದ್ದರಿಂದ ಹನ್ನೆರಡೂ ಸ್ವರಗಳು ಒಂದು ಮನೆಯಲ್ಲಿ ಬಾಳುತ್ತವೆ. ಯಾವುದನ್ನು ಬೇಕಾದರೂ ಷಡ್ಜ ಮಾಡಿಕೊಂಡು ನುಡಿಸಬಹುದು.

ಇಲ್ಲಿ ಎರಡು ಮಾತು ಸೇರಿಸಬೇಕು. ಬಿಟ್ಟುಕೊಡುವುದಕ್ಕೆ ಬೆಲೆಯಿದೆ. ನಮ್ಮ ರಾಗಗಳ ಸೂಕ್ಷ್ಮ ಶ್ರುತಿಗಳು ಈ ಹದದಲ್ಲಿ ಸಿಕ್ಕುವುದಿಲ್ಲ. ಆ ಕಾರಣವನ್ನೂ ಮುಂದಿಟ್ಟೇ ಆಕಾಶವಾಣಿಯವರು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದರು. ಆದ್ದರಿಂದ ಮಾಸ್ತರರ ಕಿವಿ ಸುಳ್ಳು ಹೇಳಲಿಲ್ಲ. ಎರಡನೆಯದು, ಎಲ್ಲವನ್ನೂ ಬಿಟ್ಟುಕೊಡುವುದಲ್ಲ. ಷಡ್ಜಕ್ಕೂ ಮೇಲಿನ ಷಡ್ಜಕ್ಕೂ ಇರುವ ಸಂಬಂಧವನ್ನು ಯಾರೂ ಹೀಗೆ ಕುಗ್ಗಿಸುವುದಿಲ್ಲ. ಆಧಾರ ಅಲುಗಬಾರದು, ಅದರ ಮೇಲೆ ನಿಂತವರು ಎರಡೆರಡು ಭಾಗ ಸರಿಯಬೇಕು. ಧರ್ಮವನ್ನು ಬಿಡಬೇಡಿರಿ, ಹಟವನ್ನು ಬಿಡಿರಿ ಎಂದು ಇದರ ತಾತ್ಪರ್ಯ.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮಠದ ಕಾಗದಪತ್ರ ಶುದ್ಧ ಪಂಚಮದಂತೆ ಸರಿಯಾಗಿಯೇ ಇದ್ದವು. ಆದರೆ ಊಳಿಡುವ ಜೋಡಿ ಹಿತ್ತಲ ಓಣಿಯಲ್ಲಿತ್ತು. ಬೆಳಿಗ್ಗೆ ಮಂಡಳಿಯನ್ನು ಕರೆದು, ದಾವೆ ಹಿಂದಕ್ಕೆ ತೆಗೆದುಕೊಳ್ಳೋಣ, ಗೋಡೆ ಇದ್ದಲ್ಲಿಯೇ ಇರಲಿ, ಅದರಲ್ಲಿ ಒಂದು ಬಾಗಿಲು ಒಡೆದು ಅವರ ಹಾದಿ ಅವರಿಗೆ ಕೊಡೋಣ ಎಂದೆವು. ವಕೀಲರು ಬೇಡವೆಂದರು. ಮಂಡಳಿಯಲ್ಲಿ ಇಬ್ಬರು ನಮ್ಮ ಮೇಲೆ ಮುನಿಸಿಕೊಂಡರು, ಇಂದಿಗೂ ಪೂರ್ತಿ ತಿಳಿಯಾಗಿಲ್ಲ. ಆ ಬಾಗಿಲಿನಿಂದಲೇ ಆ ಮನೆಯವರು ಇಂದು ಈ ಸಭೆಗೆ ಬಂದು ಕುಳಿತಿದ್ದಾರೆ. ಹೆಸರು ಹೇಳಿ ಅವರನ್ನು ನಾಚಿಸುವುದಿಲ್ಲ.

ಶ್ರುತಿ ಮುಗಿದ ಸಂಜೆ ಗೋವೆಯವರು ಬಲಗಡೆಯ ತುಳಿಪಟ್ಟಿಯನ್ನು ಕಾಲಿನಿಂದ ಒತ್ತಿ ಹಿಡಿದು, ನಿಲಯದ ಮಕ್ಕಳಿಗೆ, "ಇದರೊಳಗೆ ಮುಖ ಮಾಡಿ ಹಾಡಿರಿ" ಎಂದರು. ಮಕ್ಕಳು ಒಂದೇ ಸ್ವರದಲ್ಲಿ ಓಂಕಾರ ಹೇಳಿ ನಿಲ್ಲಿಸಿದರು. ಯಾರೂ ಮುಟ್ಟದ ತಂತಿಗಳು ಒಳಗಿನಿಂದ ಅದೇ ಸ್ವರವನ್ನು ತಿರುಗಿ ನುಡಿದವು. ಒಬ್ಬ ಹುಡುಗ ಹೆದರಿ ಹಿಂದೆ ಸರಿದ. ಇದು ಯೋಗಿಗಳು ಹೇಳುವ ಅನಾಹತನಾದವಲ್ಲ. ಮಕ್ಕಳ ದನಿಯೇ ಗಾಳಿಯ ಮೂಲಕ ಹೋಗಿ ತನಗೆ ಸಮನಾದ ತಂತಿಯನ್ನು ಅಲುಗಿಸಿತು. ಆದರೆ ಒಂದು ನಿಯಮವುಂಟು. ಹೆಚ್ಚಿನ ತಂತಿಗಳ ಮೇಲೆ ಉಣ್ಣೆಯ ಮೆತ್ತೆ ಒತ್ತಿಕೊಂಡು ಕುಳಿತಿರುತ್ತದೆ. ಅದನ್ನು ಎತ್ತದಿದ್ದರೆ ನೀವು ಎಷ್ಟು ಕೂಗಿದರೂ ತಂತಿ ನುಡಿಯುವುದಿಲ್ಲ. ತುಳಿಪಟ್ಟಿ ಒತ್ತಿದಾಗ ಆ ಮೆತ್ತೆಗಳೆಲ್ಲ ಒಮ್ಮೆಲೇ ಏಳುತ್ತವೆ. ತನ್ನ ಶರೀರವನ್ನೇ ವಾದ್ಯ ಮಾಡಿಕೊ ಎಂದು ಕೂಡಲಸಂಗಮದೇವನನ್ನು ಬಸವಣ್ಣನವರು ಬೇಡಿಕೊಂಡ ವಚನವನ್ನು ನೀವು ಹಾಡುತ್ತೀರಿ. ಬೇಡಿಕೊಂಡ ಮೇಲೆ, ನಾನು ಎಂಬ ಆ ಮೆತ್ತೆಯನ್ನು ಎತ್ತಬೇಕಾದವರು ನಾವೇ.

ಅಕ್ಕೋರಿಗೆ ಈ ನಾದವನ್ನು ಕೇಳಿಸಬೇಕೆಂದು ಅವರ ಮಗಳ ಮನೆಗೆ ಫೋನು ಮಾಡಿಸಿದೆವು. ಅವರು ತೀರಿಕೊಂಡು ಹದಿನೆಂಟು ದಿನವಾಗಿತ್ತು. ನಾವು ಏಳೆಂಟು ವರ್ಷ ತಡಮಾಡಿದವರು, ಹದಿನೆಂಟು ದಿನಕ್ಕಾಗಿ ಯಾರನ್ನು ದೂರಬೇಕು? ಗೋಡೆಯ ಬಾಗಿಲು ಒಡೆಯಬಹುದು, ತಂತಿ ಹೊಸದಾಗಿ ಸುತ್ತಬಹುದು. ಕೇಳಬೇಕಾದ ಕಿವಿ ಹೊರಟುಹೋದ ಮೇಲೆ ಮಾಡಲು ಏನೂ ಉಳಿಯುವುದಿಲ್ಲ. ಆ ತಾಯಿ ನಮ್ಮನ್ನು ಕ್ಷಮಿಸಿ ಹೋದರೆಂದು ನಮಗೆ ಗೊತ್ತು. ಆದರೂ ದಿನವೂ ಇಷ್ಟಲಿಂಗಪೂಜೆ ಮುಗಿಸಿ ಆ ಕಂಬದ ಹತ್ತಿರ ಬಂದಾಗ ಒಂದು ಕ್ಷಣ ನಿಲ್ಲುತ್ತೇವೆ. ಯಾಕೆ ನಿಲ್ಲುತ್ತೇವೆಂದು ಇಂದು ನಿಮಗೆ ತಿಳಿಯಿತು.

ಹುಡುಗ ಕೇಳಿದನಲ್ಲ, ಈ ಪೇಟಿ ಯಾರದೆಂದು? ಮಗುವೇ, ಇದು ಫ್ಲಾರೆನ್ಸಿನ ಬಡಗಿಯ ಬುದ್ಧಿಯದು, ಹೆಸರು ಉಳಿಯದ ಇಂಗ್ಲಿಷ್ ಕೆಲಸಗಾರರ ಕೈಯದು, ಅಕ್ಕೋರ ತಂದೆಯದು, ಅಕ್ಕೋರದು, ಹಿತ್ತಲ ಓಣಿಯ ಅಜ್ಜನದು, ಅವನ ಮೊಮ್ಮಗನದು, ಗೋವೆಯ ವೃದ್ಧರದು, ಕಣ್ಣಿಲ್ಲದ ನಿನ್ನ ಮಾಸ್ತರರದು. ಕೈಯಿಂದ ಕೈಗೆ ಬಂದದ್ದು ಪ್ರಸಾದ. ಪ್ರಸಾದವನ್ನು ಕೂಡಿಡಬಾರದು.

ತಾಯಂದಿರೇ, ಶರಣರೇ, ನಿಮ್ಮ ಮನೆಗಳಲ್ಲಿ ಪಿಯಾನೋ ಇರಲಿಕ್ಕಿಲ್ಲ. ಆದರೆ ಮೇಲೆ ಚೀಲ ಪೇರಿಸಿ ಮುಚ್ಚಿಟ್ಟದ್ದು ಏನಾದರೊಂದು ಇದ್ದೇ ಇರುತ್ತದೆ. ಮಾತು ಬಿಟ್ಟ ಅಣ್ಣತಮ್ಮಂದಿರಿರಬಹುದು, ಹೊಲದ ಬದುವಿನ ಜಗಳವಿರಬಹುದು, ತೌರಿಗೆ ಬರುವುದನ್ನು ಬಿಟ್ಟ ಮಗಳಿರಬಹುದು. ಶ್ರಾವಣ ಮುಗಿಯಲು ಇನ್ನೂ ದಿನಗಳಿವೆ. ಯಾರು ಸರಿ ಎಂಬ ಲೆಕ್ಕ ಆಮೇಲೆ ನೋಡೋಣ. ನಿಮ್ಮ ಪಾಲಿನ ಎರಡು ಭಾಗವನ್ನು ಬಿಟ್ಟುಕೊಟ್ಟು, ಕೇಳುವ ಕಿವಿ ಇರುವಾಗಲೇ ಹೋಗಿ ಮುಚ್ಚಳ ತೆಗೆಯಿರಿ. ಐವತ್ತು ಹೆಜ್ಜೆ ದೂರವೆನಿಸುತ್ತದೆ. ನಾವು ಹೋಗಿ ಬಂದಿದ್ದೇವೆ, ಹೋಗಬಹುದು.

ಈಗ ಮಾಸ್ತರರು ಮಕ್ಕಳೊಡನೆ ಮಂಗಳ ಹಾಡುತ್ತಾರೆ, ಪಿಯಾನೋ ಜೊತೆಗಿರುತ್ತದೆ. ಎಲ್ಲರಿಗೂ ಗುರುಕಾರುಣ್ಯವಾಗಲಿ.